ಹತ್ತಿ ಬೆಳೆಯದ ಊರಿನ ಹೆಸರಿನ ಹತ್ತಿ: ಕುಮಟಾ ಬಂದರಿಗೂ ನಮ್ಮ ಎರೆಭೂಮಿಗೂ ಇದ್ದ ನಂಟು

ಮಾಳಮಡ್ಡಿಯ ಓದುಗ, ಧಾರವಾಡ

ಕಳೆದ ತಿಂಗಳು ಹಳೆಯ ಮನೆಯ ಅಟ್ಟವನ್ನು ಖಾಲಿ ಮಾಡುವಾಗ ನಮ್ಮ ಅಜ್ಜನ ಕಾಲದ ಕೀರ್ದಿ (ದಿನದ ಲೆಕ್ಕದ) ಪುಸ್ತಕವೊಂದು ಸಿಕ್ಕಿತು. ಕೆಂಪು ಬಟ್ಟೆಯ ಹೊದಿಕೆ, ಒಳಗೆ ಮೋಡಿ ಲಿಪಿ. ಓದಬಲ್ಲ ಹಿರಿಯರೊಬ್ಬರನ್ನು ಹುಡುಕಿ ಓದಿಸಿದಾಗ ಪುಟಪುಟಕ್ಕೂ ‘ಕುಮಟಾ’ ಎಂಬ ಪದ ಬರುತ್ತಿತ್ತು. ಅಜ್ಜನಿಗೆ ಕುಮಟಾದಲ್ಲಿ ವ್ಯವಹಾರವಿತ್ತೇ ಎಂದು ನಾನು ಕೇಳಿದ್ದಕ್ಕೆ ಅವರು ನಕ್ಕು, ‘ಇದು ಊರಲ್ಲ, ಮಾಲು’ ಎಂದರು. ಕುಮಟಾ ಇಷ್ಟು ನಗ (ಹತ್ತಿಯ ಮೂಟೆ), ಅಮೆರಿಕನ್ ಇಷ್ಟು ನಗ ಎಂದು ಲೆಕ್ಕ ಬರೆದಿತ್ತು. ಪುಸ್ತಕ 1930ರ ದಶಕದ್ದು. ಅಷ್ಟು ಹೊತ್ತಿಗೆ ಕುಮಟಾ ಬಂದರಿನಿಂದ ಹತ್ತಿ ಹಡಗು ಏರುವುದು ನಿಂತು ಒಂದು ತಲೆಮಾರೇ ಕಳೆದಿತ್ತು. ಹೆಸರು ಮಾತ್ರ ಹುಬ್ಬಳ್ಳಿ, ಗದಗದ ಅಡತಿ (ದಲ್ಲಾಳಿ) ಅಂಗಡಿಗಳಲ್ಲಿ ಉಳಿದುಕೊಂಡಿತ್ತು.

ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ, ಎಂದೂ ಬೆಳೆದಿಲ್ಲ. ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆ, ಜಂಬಿಟ್ಟಿಗೆಯ ಕೆಂಪು ನೆಲ, ತೆಂಗು ಮತ್ತು ಭತ್ತ ಅಲ್ಲಿಯ ಬೇಸಾಯ. ಆ ಹೆಸರಿನ ಹತ್ತಿ ಬೆಳೆದದ್ದು 600 ಮಿಲಿಮೀಟರ್ ಆಸುಪಾಸಿನ ಮಳೆಯ ಗದಗ, ನವಲಗುಂದ, ರೋಣದ ಎರೆಹೊಲಗಳಲ್ಲಿ. ನಮ್ಮ ರೈತರು ಅದನ್ನು ಜವಾರಿ ಹತ್ತಿ ಎಂದೇ ಕರೆದರು. ಮುಂಬಯಿಯ ಮತ್ತು ಲಿವರ್‌ಪೂಲಿನ ಕೊಳ್ಳುವವರಿಗೆ ಮಾತ್ರ ಸರಕು ಹಡಗು ಹತ್ತಿದ ರೇವಿನ ಗುರುತೇ ಮುಖ್ಯವಾಗಿದ್ದುದರಿಂದ ಅದು ಕುಮಟಾ ಹತ್ತಿಯಾಯಿತು.

ಈ ಕಾರಣಕ್ಕಾಗಿಯೇ ಕುಮಟಾ ಬಂದರಿನ ಚರಿತ್ರೆಯನ್ನು ಸಮುದ್ರದ ಕಡೆಯಿಂದ ನೋಡುವುದಕ್ಕಿಂತ ಹುಬ್ಬಳ್ಳಿಯ ಕಡೆಯಿಂದ ನೋಡುವುದು ಹೆಚ್ಚು ಸರಿಯೆಂದು ನನಗೆ ತೋರುತ್ತದೆ. ಬಂದರಾಗಿ ಅದಕ್ಕೆ ದೊಡ್ಡ ಅನುಕೂಲಗಳೇನೂ ಇರಲಿಲ್ಲ. ಊರಿನ ಪಕ್ಕದ ಹಳ್ಳ ಸಮುದ್ರ ಸೇರುವ ಸಣ್ಣ ಅಳಿವೆ, ಅದರ ಬಾಯಿಗೆ ಮರಳಿನ ದಿಣ್ಣೆ, ಅದರಾಚೆ ಪಶ್ಚಿಮದ ಗಾಳಿಗೆ ಪೂರ್ತಿ ತೆರೆದ ಕಡಲು. ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕಬೇಕು, ದೋಣಿಗಳು ಉಬ್ಬರ ನೋಡಿಕೊಂಡು ದಂಡೆಯಿಂದ ಮಾಲು ಒಯ್ಯಬೇಕು. ಉತ್ತರಕ್ಕೆ ಕಾರವಾರದಲ್ಲಿ ದ್ವೀಪಗಳೂ ಭೂಶಿರವೂ ಮರೆಯಾಗಿ ನಿಂತ ಆಳವಾದ ಕೊಲ್ಲಿಯಿದ್ದಾಗಲೂ ನಮ್ಮ ಹತ್ತಿ ಕುಮಟಾಕ್ಕೆ ಹೋದದ್ದು ದಾರಿಯಿದ್ದ ಕಾರಣಕ್ಕೆ. ಹುಬ್ಬಳ್ಳಿಯಿಂದ ಶಿರಸಿ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದರೆ ಕುಮಟಾ. ನೀರಿನ ಆಳಕ್ಕಿಂತ ಘಟ್ಟದ ದಾರಿಯೇ ಆ ಬಂದರನ್ನು ಬೆಳೆಸಿತು ಎಂಬುದು ನನ್ನ ವಾದ. ಒಪ್ಪದವರು ಬರೆಯಬೇಕೆಂದು ಕೋರುತ್ತೇನೆ.

ಬೆಟಗೇರಿಯ ಅಡತಿ ಮನೆತನದವರು

ತಮ್ಮ ಅಜ್ಜನವರ ಪುಸ್ತಕದಲ್ಲಿರುವ ‘ಅಮೆರಿಕನ್’ ಎಂಬುದಕ್ಕೂ ಒಂದು ಕಥೆಯಿದೆ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ತೋಟಗಾರರನ್ನು ಕರೆಸಿ ಹುಬ್ಬಳ್ಳಿಯ ಸುತ್ತಮುತ್ತ ನ್ಯೂ ಆರ್ಲಿಯನ್ಸ್ ಬೀಜವನ್ನು ಬಿತ್ತಿಸಿ ನೋಡಿತು. ಭಾರತದ ಬಹಳ ಕಡೆ ಸೋತ ಆ ಬೀಜ ನಮ್ಮ ಎರೆಮಣ್ಣಿನಲ್ಲಿ ಹಿಡಿಯಿತು. ಆದರೆ ತೊಡಕೊಂದು ಎದುರಾಯಿತು. ಜವಾರಿ ಹತ್ತಿಯ ಅರಳೆಯನ್ನು ಹೆಣ್ಣುಮಕ್ಕಳು ಮನೆಯಲ್ಲಿಯೇ ಬಿಡಿಸುತ್ತಿದ್ದರು: ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಇಟ್ಟು, ಕಬ್ಬಿಣದ ಸಣ್ಣ ಸರಳನ್ನು ಅಂಗಾಲಿನಿಂದ ಹಿಂದೆ ಮುಂದೆ ಉರುಳಿಸಿದರೆ ಕಾಳು ಮುಂದಕ್ಕೆ ಜಿಗಿದು ಅರಳೆ ಹಿಂದೆ ಉಳಿಯುತ್ತಿತ್ತು. ಅಮೆರಿಕನ್ ಹತ್ತಿಯ ಕಾಳಿಗೆ ಜುಂಗು ಅಂಟಿಕೊಂಡಿರುವುದರಿಂದ ಈ ಉಪಾಯ ಅಲ್ಲಿ ಸಾಗಲಿಲ್ಲ. ಗರಗಸದ ಹಲ್ಲಿನ ಯಂತ್ರ ಬೇಕಾಯಿತು, ಅದನ್ನು ಮಾಡಿ ರಿಪೇರಿ ಮಾಡುವ ಸರಕಾರಿ ಕಾರ್ಖಾನೆ ಧಾರವಾಡದಲ್ಲಿ ಬಂತು. ಪೇಟೆಯಲ್ಲಿ ‘ಸಾ ಜಿನ್ಡ್ ಧಾರವಾಡ’ (ಗರಗಸದ ಯಂತ್ರದಲ್ಲಿ ಬಿಡಿಸಿದ ಧಾರವಾಡ ಹತ್ತಿ) ಎಂಬ ಹೆಸರು ಹುಟ್ಟಿದ್ದು ಹೀಗೆ. ಒಂದು ಹತ್ತಿಗೆ ಬಂದರಿನ ಹೆಸರು, ಇನ್ನೊಂದಕ್ಕೆ ಯಂತ್ರದ್ದೂ ಧಾರವಾಡದ್ದೂ. ಬೆಳೆದ ಸೀಮೆಯ ಹೆಸರು ಮೊದಲನೆಯದಕ್ಕೆ ಇಲ್ಲವೇ ಇಲ್ಲ.

ಕುಮಟಾ ಹತ್ತಿಯ ಗುಣದ ಬಗ್ಗೆಯೂ ಹೇಳುತ್ತೇನೆ. ನಮ್ಮ ತಂದೆಯವರು ಅರಳೆಯ ಚಿಟಿಕೆಯನ್ನು ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಳೆದು, ಒಂದರ ಮೇಲೊಂದು ಇಟ್ಟು ಮತ್ತೆ ಎಳೆದು, ಕೊನೆಗೆ ಉಗುರಿನ ಮೇಲೆ ಎಳೆ ಸಾಲಾಗಿ ನಿಲ್ಲುವಂತೆ ಮಾಡಿ ಉದ್ದ ನೋಡುತ್ತಿದ್ದರು. ಜವಾರಿಯ ಎಳೆ ಅಮೆರಿಕನ್‌ಗಿಂತ ಗಿಡ್ಡವಾದರೂ ಗಟ್ಟಿ. ಅದರ ದೋಷವೆಂದರೆ ಒಣಗಿದ ಎಲೆಯ ಚೂರು. ಬಿಡಿಸುವ ಹೊತ್ತಿಗೆ ಕಾಯಿಯ ಸುತ್ತಲಿನ ಎಲೆ ಪುಡಿಯಾಗಿ ಅರಳೆಗೆ ಮೆತ್ತಿಕೊಳ್ಳುತ್ತದೆ, ಬಿಳಿಯ ರಾಶಿಯಲ್ಲಿ ನಸ್ಯ ಚೆಲ್ಲಿದ ಹಾಗೆ ಕಾಣುತ್ತದೆ. ಅದಕ್ಕೆ ಜೊತೆಯಾಗಿ ನಮ್ಮವರ ಕೈಚಳಕವೂ ಇತ್ತೆಂದು ಒಪ್ಪಿಕೊಳ್ಳಬೇಕು: ಅಮೆರಿಕನ್‌ಗೆ ಜವಾರಿ ಬೆರೆಸುವುದು, ತೂಕಕ್ಕೆ ಕಾಳು ಸೇರಿಸುವುದು. 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸ ತಡೆಯುವುದಕ್ಕೆಂದೇ ಒಂದು ಕಾಯಿದೆ ತಂದು ಇನ್‌ಸ್ಪೆಕ್ಟರರನ್ನು ನೇಮಿಸಬೇಕಾಯಿತು ಎಂದ ಮೇಲೆ ಬೆರಕೆ ಎಷ್ಟಿತ್ತೆಂದು ಊಹಿಸಬಹುದು.

ಹೆಡ್ ಬಂದರಿನ ಹುಡುಗ (ಈಗ ಹುಬ್ಬಳ್ಳಿ, ವಿದ್ಯಾನಗರ)

ನಾನು ಹುಟ್ಟಿ ಬೆಳೆದದ್ದು ಕುಮಟಾದಲ್ಲಿ, ನಲವತ್ತು ವರ್ಷಗಳಿಂದ ಹುಬ್ಬಳ್ಳಿಯವನು. ಆದ್ದರಿಂದ ಎರಡೂ ಕಡೆಯ ಪರವಾಗಿ ಜಗಳವಾಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮಾಳಮಡ್ಡಿಯವರು ದಾರಿಯೇ ಬಂದರನ್ನು ಬೆಳೆಸಿತು ಎನ್ನುವುದನ್ನು ಅರ್ಧ ಒಪ್ಪುತ್ತೇನೆ. ಆದರೆ ಹತ್ತಿ ಬರುವ ಮೊದಲು ಅಲ್ಲಿ ಏನೂ ಇರಲಿಲ್ಲ ಎಂಬ ಧ್ವನಿ ಅವರ ಬರಹದಲ್ಲಿದೆ. ಕುಮಟಾದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಅಘನಾಶಿನಿ ಕಡಲು ಸೇರುತ್ತದೆ. ಉತ್ತರದ ದಂಡೆಯಲ್ಲಿ ತದಡಿ, ದಕ್ಷಿಣದಲ್ಲಿ ಅಘನಾಶಿನಿ ಎಂಬ ಊರು, ನದಿಯ ಮೇಲ್ಭಾಗಕ್ಕೆ ಮಿರ್ಜಾನ ಕೋಟೆ. ಶಿರಸಿ, ಸಿದ್ದಾಪುರದ ಕಾಳುಮೆಣಸು ಇಳಿದು ಬಂದು ಹಡಗು ಸೇರುತ್ತಿದ್ದುದು ಈ ನೀರಿನಲ್ಲಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು 16ನೇ ಶತಮಾನದ ಮಾತು. ದಕ್ಷಿಣಕ್ಕೆ ಶರಾವತಿಯ ಬಾಯಿಯಲ್ಲಿ ಹೊನ್ನಾವರ, ಅದರಾಚೆ ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಭಟ್ಕಳ. ಈ ಸಾಲಿನಲ್ಲಿ ಕುಮಟಾ ತಡವಾಗಿ ದೊಡ್ಡದಾದ ಊರು ಎಂಬುದು ನಿಜ, ಆದರೆ ಸಾಲು ಮಾತ್ರ ಹಳೆಯದು. ನಮ್ಮ ಕರಾವಳಿಯಲ್ಲಿ ಬಂದರುಗಳು ಹತ್ತಿಪ್ಪತ್ತು ಮೈಲಿಯ ಅಂತರದಲ್ಲಿ ಸರದಿಯಂತೆ ಮೇಲೇಳುತ್ತವೆ, ಕೆಳಗಿಳಿಯುತ್ತವೆ. ಒಂದರ ಅಳಿವೆಯಲ್ಲಿ ಮರಳು ತುಂಬಿದರೆ, ಇಲ್ಲವೇ ರಾಜನೊಬ್ಬ ಸುಂಕ ಏರಿಸಿದರೆ, ಮಾಲು ಪಕ್ಕದ ಅಳಿವೆಗೆ ಸರಿಯುತ್ತದೆ.

ಇನ್ನು ಉಪ್ಪಿನ ವಿಷಯವನ್ನು ಯಾರೂ ಎತ್ತಿಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಆಗರಗಳಲ್ಲಿ ಇಂದಿಗೂ ಉಪ್ಪು ತೆಗೆಯುತ್ತಾರೆ. ಉಬ್ಬರದ ನೀರನ್ನು ಪಾತಿಗಳಿಗೆ ಬಿಟ್ಟು ಬಿಸಿಲಿಗೆ ಕಟ್ಟಿ ಹಾಕುವ ಈ ಕೆಲಸ ಮಳೆ ದೂರವಾದ ಮೇಲೆ ಆರಂಭವಾಗಿ ಬೇಸಿಗೆಯ ಕೊನೆಗೆ ಮುಗಿಯಬೇಕು. ಬಯಲುಸೀಮೆಯ ಹತ್ತಿ ಘಟ್ಟ ಇಳಿಯುತ್ತಿದ್ದುದೂ ಅದೇ ಬೇಸಿಗೆಯಲ್ಲಿ. ಇಳಿಯುವಾಗ ಹತ್ತಿಯ ಅಂಡಿಗೆ (ಮೂಟೆ), ಏರುವಾಗ ಉಪ್ಪಿನ ಚೀಲ, ಒಣಮೀನು, ತೆಂಗಿನಕಾಯಿ. ಖಾಲಿ ಗಾಡಿ ಘಟ್ಟ ಏರಬೇಕಾಗಿದ್ದರೆ ಇಳಿಯುವ ಬಾಡಿಗೆಯೇ ಇಮ್ಮಡಿಯಾಗುತ್ತಿತ್ತು. ಆದ್ದರಿಂದ ದಾರಿ ಕುಮಟಾಕ್ಕೆ ಬಂದದ್ದೇಕೆ ಎಂದು ಕೇಳಿದರೆ ನನ್ನ ಉತ್ತರದ ಇನ್ನರ್ಧ ಸಾಣಿಕಟ್ಟಾದಲ್ಲಿದೆ.

ಹಾವೇರಿಯ ನಿವೃತ್ತ ಶಿಕ್ಷಕ

ಸರಕಿಗೆ ಬೆಳೆದ ಊರಿನ ಹೆಸರು ಸಿಗದಿರುವುದಕ್ಕೆ ನಮ್ಮಲ್ಲಿಯೂ ಉದಾಹರಣೆಯಿದೆ. ಹಾವೇರಿ ಏಲಕ್ಕಿ ಎಂದು ನಾಡೆಲ್ಲ ಪ್ರಸಿದ್ಧ. ಸನ್ಮಾನಕ್ಕೆ ಏಲಕ್ಕಿ ಹಾರ ಬೇಕಾದರೆ ಇಂದಿಗೂ ಹಾವೇರಿಗೇ ಬರುತ್ತಾರೆ. ಆದರೆ ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನಿಂದ ಬಂದ ಏಲಕ್ಕಿಯನ್ನು ನಮ್ಮ ಊರಿನ ಬಾವಿಯ ನೀರಿನಲ್ಲಿ ಅಂಟುವಾಳಕಾಯಿ ಹಾಕಿ ತೊಳೆದು ಬೆಳ್ಳಗೆ ಮಾಡಿ ಮಾರುತ್ತಿದ್ದರು. ಕುಮಟಾದವರು ನಮ್ಮ ಹತ್ತಿಗೆ ತಮ್ಮ ಹೆಸರಿಟ್ಟುಕೊಂಡರು, ನಾವು ಅವರ ಮಗ್ಗುಲಿನ ಕಾಡಿನ ಏಲಕ್ಕಿಗೆ ನಮ್ಮ ಹೆಸರಿಟ್ಟುಕೊಂಡೆವು. ಲೆಕ್ಕ ಚುಕ್ತಾ ಆಯಿತು.

ದಾರಿಯ ಬಗ್ಗೆ ಒಂದು ಸೇರ್ಪಡೆ. ಗಾಡಿ ಹೋಗುವಂಥ ರಸ್ತೆಗಳು ಘಟ್ಟದಲ್ಲಿ ಆದದ್ದು ಬ್ರಿಟಿಷರ ಕಾಲದಲ್ಲಿ. ಅದಕ್ಕೂ ಮೊದಲು ಎತ್ತಿನ ಬೆನ್ನಿನ ಮೇಲೆ ಹೇರು ಹಾಕಿ ಸಾಗಿಸುತ್ತಿದ್ದರು, ಅದರಲ್ಲಿ ಲಂಬಾಣಿಗರದ್ದೇ ದೊಡ್ಡ ಪಾಲು. ನಮ್ಮ ಜಿಲ್ಲೆಯಲ್ಲಿಯೂ ಗದಗದಲ್ಲಿಯೂ ಇಷ್ಟು ತಾಂಡಾಗಳು ಇರುವುದಕ್ಕೂ ಈ ಹಳೆಯ ಉಪ್ಪಿನ, ಧಾನ್ಯದ ಸಾಗಾಣಿಕೆಗೂ ಸಂಬಂಧವಿದೆ. ಹುಬ್ಬಳ್ಳಿಯಿಂದ ಕುಮಟಾಕ್ಕೆ ನೂರು ಮೈಲಿ. ತುಂಬಿದ ಗಾಡಿ ದಿನಕ್ಕೆ ಹತ್ತು ಮೈಲಿ ನಡೆಯುತ್ತದೆ ಎಂದು ಹಿಡಿದರೂ ಹತ್ತು ದಿನ, ಹಿಂದಿರುಗಲು ಮತ್ತೆ ಹತ್ತು ದಿನ. ಗದಗದವರಿಗೆ ಇನ್ನೂ ಹೆಚ್ಚು.

ಮಾಳಮಡ್ಡಿಯ ಓದುಗ, ಧಾರವಾಡ

ಉಪ್ಪಿನ ವಿಷಯದಲ್ಲಿ ಹೆಡ್ ಬಂದರಿನವರು ನನ್ನನ್ನು ತಿದ್ದಿದ್ದಾರೆ, ಒಪ್ಪಿಕೊಂಡೆ. ಮರುಹೇರನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಶಿಕ್ಷಕರು ಹೇಳಿದ ಹತ್ತು ದಿನಗಳನ್ನು ಪಂಚಾಂಗದ ಮೇಲಿಟ್ಟು ನೋಡೋಣ. ನಮ್ಮ ಜವಾರಿ ಹತ್ತಿಯನ್ನು ಮುಂಗಾರಿನಲ್ಲಿ ಬಿತ್ತುವುದಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬಿತ್ತಿ ಎರೆಯೊಳಗಿನ ಹಸಿಯ ಮೇಲೆ ಬೆಳೆಸುತ್ತೇವೆ, ಬಿಡಿಸುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಅರಳೆ ಬೇರ್ಪಡಿಸಿ, ಅಂಡಿಗೆ ತುಂಬಿ, ಗಾಡಿ ಹೊಂದಿಸಿ ಹೊರಡುವ ಹೊತ್ತಿಗೆ ಮಾರ್ಚ್ ಕಳೆಯುತ್ತದೆ. ಅತ್ತ ಮೇ ಕೊನೆಗೆ ಕಡಲು ಕೆಡುತ್ತದೆ. ಪತ್ತೇಮಾರಿ, ಮಚವೆ ಎಂಬ ಹಾಯಿಹಡಗುಗಳನ್ನು ದಡಕ್ಕೆ ಎಳೆದು ತೆಂಗಿನ ಗರಿ ಹೊದಿಸಿಬಿಟ್ಟರೆ ಮತ್ತೆ ನೀರಿಗಿಳಿಯುವುದು ನೂಲ ಹುಣ್ಣಿಮೆಗೆ ಸಮುದ್ರಪೂಜೆಯಾದ ನಂತರವೇ. ಎಂದರೆ ಇಡೀ ಸೀಮೆಯ ಹತ್ತಿಗೆ ಸಿಗುತ್ತಿದ್ದ ಅವಧಿ ಎರಡು ತಿಂಗಳು. ಅಷ್ಟರೊಳಗೆ ಹಡಗು ಹತ್ತದ ಮಾಲು ಮಳೆಗಾಲವಿಡೀ ಕರಾವಳಿಯ ತೇವದ ಗಾಳಿಯಲ್ಲಿ ಗೋದಾಮಿನಲ್ಲಿ ಕೂತು ಬಣ್ಣಗೆಡಬೇಕು, ಇಲ್ಲವೇ ಘಟ್ಟದ ಮೇಲೆಯೇ ಉಳಿದು ಮಾಲೀಕನ ಸಾಲದ ಬಡ್ಡಿ ಬೆಳೆಸಬೇಕು. ಧಾರಣೆ ಗೊತ್ತು ಮಾಡುವಾಗ ಮುಂಬಯಿಯ ವ್ಯಾಪಾರಿಯ ಗುಮಾಸ್ತನ ಕಣ್ಣು ಅಳಿವೆಯ ಮೇಲಿದ್ದರೆ ಆಶ್ಚರ್ಯವಿಲ್ಲ.

ಈ ಬಿಕ್ಕಟ್ಟಿಗೆ ಆಡಳಿತದ ಗಡಿಯೊಂದು ಅಡ್ಡ ಬಂದಿತ್ತು. 1818ರ ನಂತರ ಧಾರವಾಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಯ ಕೈಸೇರಿದ್ದ ಕೆನರಾ, ಎಂದರೆ ಕುಮಟಾ, ಕಾರವಾರಗಳಿದ್ದ ಕರಾವಳಿ ಜಿಲ್ಲೆ, ಮದರಾಸಿನ ಕೆಳಗಿತ್ತು. ಹತ್ತಿ ಬೆಳೆಯುವ ಸರಕಾರ ಒಂದು, ಬಂದರಿರುವ ಸರಕಾರ ಇನ್ನೊಂದು. ಮುಂಬಯಿಯ ಹತ್ತಿಗಾಗಿ ಕಾರವಾರದಲ್ಲಿ ಬಂದರು ಕಟ್ಟುವ, ಘಟ್ಟಕ್ಕೆ ರಸ್ತೆ ಕಡಿಯುವ ಖರ್ಚನ್ನು ಮದರಾಸು ಏಕೆ ಹೊರಬೇಕು? 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಬರುವುದು ನಿಲ್ಲುತ್ತಿದ್ದಂತೆ ಗಡಿಯೂ ಕರಗಿತು. 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿ ಕಾರವಾರವನ್ನು ಜಿಲ್ಲೆಯ ಮುಖ್ಯ ಊರನ್ನಾಗಿ ಮಾಡಿದರು. ಕುಮಟಾದ ಗ್ರಹಚಾರ ತಿರುಗಿದ್ದು ರೈಲಿನಿಂದ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ನನ್ನ ದೃಷ್ಟಿಯಲ್ಲಿ ಅದು ಆರಂಭವಾದದ್ದು ಇಲ್ಲಿ, ಹತ್ತಿಯ ಬೆಲೆ ಆಕಾಶದಲ್ಲಿದ್ದ ವರ್ಷಗಳಲ್ಲಿಯೇ. ಕಾರವಾರದ ಕಡೆಗೆ ಇಳಿಯುವ ಅರಬೈಲ ಘಟ್ಟದ ರಸ್ತೆಯೂ ಕಾರವಾರದ ಕೊಲ್ಲಿಯೂ ಸರಕಾರದ ಮೆಚ್ಚಿನವಾದವು, ಕುಮಟಾ ಹಳೆಯ ರೂಢಿಯ ಬಲದ ಮೇಲೆ ನಡೆಯಿತು. 1865ರಲ್ಲಿ ಯುದ್ಧ ಮುಗಿದು ಧಾರಣೆ ಕುಸಿದದ್ದು ಎರಡಕ್ಕೂ ಬಿದ್ದ ಪೆಟ್ಟು.

ಕೇಶ್ವಾಪುರದ ರೈಲ್ವೆ ಪಿಂಚಣಿದಾರ

ಕಾರವಾರವೂ ಗೆಲ್ಲಲಿಲ್ಲ ಎಂಬುದನ್ನು ಸೇರಿಸಿಕೊಳ್ಳಿರಿ. ಕಾರವಾರದಿಂದ ಗದಗದ ಕಡೆಗೆ ರೈಲು ಹಾಕುವ ಮಾತು 19ನೇ ಶತಮಾನದಲ್ಲಿ ಬಹಳ ಕಾಲ ನಡೆಯಿತು. ಆದರೆ 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ, ರೈಲು ಗೋವೆಯ ಮುರಗಾಂವ ಬಂದರಿಗೆ ಇಳಿಯುವುದೆಂದು ತೀರ್ಮಾನವಾಯಿತು. ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ 1884ರಲ್ಲಿ ಸೊಲ್ಲಾಪುರದ ಬಳಿಯ ಹೋಟಗಿಯಿಂದ ಗದಗಕ್ಕೆ ಬಂತು. ಹುಬ್ಬಳ್ಳಿಯ ನಮ್ಮ ವರ್ಕ್‌ಶಾಪು 1885ರದು. 1888ರಲ್ಲಿ ಕ್ಯಾಸಲ್‌ರಾಕ್ ದಾಟಿ ಮುರಗಾಂವಿನವರೆಗೆ ಗಾಡಿ ಓಡಿತು. ಆ ಘಟ್ಟದಲ್ಲಿ ಸುಮಾರು ಮೂವತ್ತೇಳು ಅಡಿ ನಡೆದರೆ ಒಂದು ಅಡಿ ಏರು. ಹಿಂದೆ ಎಂಜಿನ್ ಕೊಟ್ಟು ನೂಕಿಸದೆ ಭಾರದ ಗಾಡಿ ಏರುವುದಿಲ್ಲ. ಅಷ್ಟು ಕಷ್ಟವಿದ್ದರೂ ಎತ್ತಿನ ಹತ್ತು ದಿನದ ದಾರಿ ಒಂದೆರಡು ದಿನಕ್ಕೆ ಇಳಿಯಿತು, ಮಳೆಗಾಲದ ಅಡ್ಡಿಯೂ ಹೋಯಿತು. ಮಳೆ ಸುರಿಯುತ್ತಿದ್ದರೂ ಗದಗದಲ್ಲಿ ತುಂಬಿದ ಡಬ್ಬಿ ನೇರವಾಗಿ ಹೊರಡಬಹುದಾದ ಮೇಲೆ, ಮೇ ತಿಂಗಳೊಳಗೆ ಕಡಲು ಮುಟ್ಟಲೇಬೇಕೆಂಬ ಹೆದರಿಕೆಯ ಮೇಲೆ ನಿಂತಿದ್ದ ಊರಿಗೆ ಯಾರು ಹೋಗುತ್ತಾರೆ?

ಹುಬ್ಬಳ್ಳಿ–ಅಂಕೋಲಾ ರೈಲಿನ ಶಂಕುಸ್ಥಾಪನೆಯಾಗಿ ಕಾಲು ಶತಮಾನ ಕಳೆದಿದೆ. ಕಾಡಿನ ಪ್ರಶ್ನೆಯಲ್ಲಿ ಅದು ನಿಂತಿದೆ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಕುಮಟಾಕ್ಕೂ ನಿಲ್ದಾಣ ಬಂತು, ಆದರೆ ಅದು ಕರಾವಳಿಯ ಉದ್ದಕ್ಕೆ ಓಡುವ ರೈಲು, ಘಟ್ಟ ಏರುವುದಲ್ಲ. ನಮ್ಮ ಜಿಲ್ಲೆಗಳಿಂದ ಸ್ವಂತ ಕರಾವಳಿಗೆ ರೈಲಿನಲ್ಲಿ ಹೋಗಬೇಕಾದರೆ ಇಂದಿಗೂ ಗೋವೆಯ ಮೇಲೆ, ಇಲ್ಲವೇ ಮಂಗಳೂರಿನ ಮೇಲೆ ಸುತ್ತಬೇಕು. 1878ರ ಸಹಿಯನ್ನು ನಾವು ಇನ್ನೂ ಅನುಭವಿಸುತ್ತಿದ್ದೇವೆ.

ಬೆಟಗೇರಿಯ ಅಡತಿ ಮನೆತನದವರು

ರೈಲು ಬಂದು ಹತ್ತಿಯ ದಿಕ್ಕು ತಿರುಗಿದರೂ ಹೆಸರು ಹೋಗಲಿಲ್ಲ ಎಂಬುದಕ್ಕೆ ಮಾಳಮಡ್ಡಿಯವರ ಕೀರ್ದಿಯೇ ಸಾಕ್ಷಿ. ಕುಮಟಾ ಹತ್ತಿಯ ಸಾಲಿನಿಂದಲೇ ಧಾರವಾಡದ ಸಂಶೋಧಕರು ಆಯ್ದು ಜಯವಂತ, ನಂತರ ಜಯಧರ ತಳಿಗಳನ್ನು ಬೆಳೆಸಿದರು. ನಾನು ಚಿಕ್ಕವನಿದ್ದಾಗ ಪೇಟೆಗೆ ಬರುತ್ತಿದ್ದುದು ಬಹುಪಾಲು ಜಯಧರ. ಹೈಬ್ರಿಡ್ಡು, ಅದರ ಹಿಂದೆ ಬಿಟಿ ಬಂದ ಮೇಲೆ ಅದು ಅಂಚಿಗೆ ಸರಿಯಿತು.

ಹೆಡ್ ಬಂದರಿನ ಹುಡುಗ

ಕೊನೆಯದಾಗಿ ನನ್ನದೊಂದು ತಕರಾರು. ಈ ಚರ್ಚೆಯಲ್ಲಿ ಎಲ್ಲರೂ ಕುಮಟಾವನ್ನು ತೀರಿಹೋದವರಂತೆ ಮಾತನಾಡಿಸುತ್ತಿದ್ದೀರಿ. ಹತ್ತಿ ಹೋದ ಮೇಲೂ ನೀರು ಅಲ್ಲಿಯೇ ಇತ್ತು. ಅಘನಾಶಿನಿಗೆ ಅಣೆಕಟ್ಟಿಲ್ಲ, ಘಟ್ಟದ ಮಣ್ಣೂ ಎಲೆಗೊಬ್ಬರವೂ ನೇರವಾಗಿ ಅಳಿವೆಗೆ ಬಂದು ಸೇರುತ್ತವೆ. ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ಬಾಗಿ, ಕಾಲ್ಬೆರಳಿನಿಂದ ಕೆಸರು ತಡವಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವುದನ್ನು ನೋಡಿಯೇ ನಾನು ಬೆಳೆದೆ. ಬುಟ್ಟಿ ತುಂಬುವ ಹೊತ್ತಿಗೆ ನೀರು ಮತ್ತೆ ಏರುತ್ತಿರುತ್ತದೆ. ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸೀಗಡಿ, ಮೀನು. ತದಡಿಯಲ್ಲಿ ದೊಡ್ಡ ವಾಣಿಜ್ಯ ಬಂದರು ಕಟ್ಟುವ ಪ್ರಸ್ತಾವ ಬಂದಾಗಲೆಲ್ಲ ಅಲ್ಲಿಯವರು ಎದ್ದು ನಿಂತದ್ದು ಈ ಬದುಕಿಗಾಗಿ. ಅಂಕೋಲೆಯ ಬೇಲೇಕೇರಿ ಬಂದರಿಗೆ ನಿಮ್ಮ ಕಡೆಯ ಅಕ್ರಮ ಅದಿರು ಬಂದು, ಜಪ್ತಿಯಾದ ಮೇಲೂ ಮಾಯವಾದದ್ದನ್ನು 2010ರಲ್ಲಿ ನಾಡೆಲ್ಲ ಓದಿದೆ.

ಗದಗದವರಿಗೆ ಒಂದು ಸುದ್ದಿ ಹೇಳುತ್ತೇನೆ: 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಎಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೆ, ಸೇರಿದಾಗ, ಅದೇ ದಿನ ಪ್ರಕಟವಾದ ಪಟ್ಟಿಯಲ್ಲಿ ನಿಮ್ಮ ಮಾಗಡಿ ಕೆರೆಯೂ ಇತ್ತು. ಹತ್ತಿಯ ನಂತರ ಗದಗಕ್ಕೂ ಕುಮಟಾಕ್ಕೂ ಒಂದೇ ಕಾಗದದಲ್ಲಿ ಹೆಸರು ಬಂದದ್ದು ಬಹುಶಃ ಅದೇ ಮೊದಲು.

ಬೆಟಗೇರಿಯ ಅಡತಿ ಮನೆತನದವರು

ಮಾಗಡಿ ಕೆರೆಗೆ ಪಟ್ಟೆತಲೆಯ ಹೆಬ್ಬಾತು ಚಳಿಗಾಲದಲ್ಲಿ ಬರುತ್ತದೆ, ನೋಡಲು ಹೋಗುತ್ತಿರುತ್ತೇವೆ. ಅಘನಾಶಿನಿಗೆ ಈವರೆಗೆ ಹೋಗಿಲ್ಲ. ಹಳೆಯ ಹತ್ತಿಯ ದಾರಿಯಲ್ಲಿಯೇ ಒಮ್ಮೆ ಹೋಗಬೇಕೆನ್ನಿಸಿದೆ. ಯಾವ ತಿಂಗಳು ಒಳ್ಳೆಯದು?

ಹೆಡ್ ಬಂದರಿನ ಹುಡುಗ

ಡಿಸೆಂಬರ್ ಅಥವಾ ಜನವರಿ. ಶಿರಸಿಯಲ್ಲಿ ಬೆಳಿಗ್ಗೆ ತಿಂಡಿ ಮುಗಿಸಿ ದೇವಿಮನೆ ಇಳಿಯಿರಿ. ಕುಮಟಾಕ್ಕೆ ಅರವತ್ತು ಕಿಲೋಮೀಟರ್ ಚಿಲ್ಲರೆ. ಹೊರಡುವ ಮೊದಲು ಉಬ್ಬರ ಇಳಿತದ ಹೊತ್ತು ಕೇಳಿಕೊಂಡಿರಿ. ನಾನು ಒಮ್ಮೆ ಹುಬ್ಬಳ್ಳಿಯ ಗೆಳೆಯರನ್ನು ಜೂನ್‌ನಲ್ಲಿ ಕರೆದುಕೊಂಡು ಹೋಗಿ, ಘಟ್ಟದಲ್ಲಿ ಮರ ಬಿದ್ದು ನಾಲ್ಕು ತಾಸು ಕೂತು, ಕೊನೆಗೆ ಮಳೆಯಲ್ಲಿ ಸಮುದ್ರವೂ ಕಾಣದೆ ಹಿಂದಿರುಗಿದ್ದೇನೆ. ಹತ್ತಿಯ ಗಾಡಿಯವರು ಮೇ ದಾಟಿದರೆ ಏಕೆ ಇಳಿಯುತ್ತಿರಲಿಲ್ಲ ಎಂಬುದು ಅಂದು ನನಗೆ ಚೆನ್ನಾಗಿ ತಿಳಿಯಿತು.